ಜೇವರ್ಗಿ ಸೀಮೆಯ ಹಳೆಯ ಮನೆ, ಕಟ್ಟಡಗಳು: ಸಂರಕ್ಷಣೆ ಮತ್ತು ಸ್ಥಳೀಯ ಆಡಳಿತ

ಕಲಬುರಗಿ ಜಿಲ್ಲೆಯ ಜೇವರ್ಗಿ, ಅಫಜಲಪುರ, ಆಳಂದ ತಾಲ್ಲೂಕುಗಳಲ್ಲೂ 2018ರಲ್ಲಿ ಜೇವರ್ಗಿಯಿಂದ ಬೇರೆಯಾದ ಯಡ್ರಾಮಿಯಲ್ಲೂ ವಾಡೆ, ಹುಡೇವು, ಅಗಸಿ (ಊರಬಾಗಿಲು), ಮಠ, ದರ್ಗಾ, ಬಾವಿಗಳ ಜೊತೆಗೆ ನಿಜಾಮರ ಆಳ್ವಿಕೆಯ ಕಚೇರಿಗಳು ಅಲ್ಲಲ್ಲಿ ಉಳಿದಿವೆ. ಇವುಗಳಲ್ಲಿ ಕೇಂದ್ರ ಅಥವಾ ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಗೆ ಒಳಪಟ್ಟವು ಕೆಲವೇ. ಉಳಿದವುಗಳ ಭವಿಷ್ಯ ಪುರಸಭೆ, ಗ್ರಾಮ ಪಂಚಾಯಿತಿ, ತಹಸೀಲ್ದಾರ್ ಕಚೇರಿ, ಮುಜರಾಯಿ, ವಕ್ಫ್ ಹಾಗೂ ಮನೆತನಗಳ ಕೈಯಲ್ಲಿದೆ. ಈ ಸೀಮೆಯ ಸ್ಥಳೀಯ ಸಂಸ್ಥೆಗಳಿಗೆ ಹಳೆಯ ಕಟ್ಟಡವನ್ನು ಕೆಡವಿಸುವ ಅಧಿಕಾರ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. ಉಳಿಸಿಕೊಳ್ಳುವ ಹೊಣೆ ಮಾತ್ರ ಯಾರ ಮೇಲೂ ನೇರವಾಗಿ ಬಿದ್ದಿಲ್ಲ. ಇಲ್ಲಿನ ಸಂರಕ್ಷಣೆಯ ಕಥೆಯ ಬಹುಪಾಲು ಈ ಅಸಮತೋಲನದ ಕಥೆಯೇ.

ನೆಲ ಮತ್ತು ಕಟ್ಟಡದ ಬಗೆ

ಆಳಂದ, ಅಫಜಲಪುರದ ಕಡೆ ದಖ್ಖನ್ನಿನ ಕಪ್ಪು ಶಿಲೆ. ಭೀಮಾ ನದಿ ದಾಟಿ ಜೇವರ್ಗಿಯ ಕಡೆ ಸಾಗಿದಂತೆ ಸುಣ್ಣಕಲ್ಲಿನ ಪದರು ಕಾಣಿಸಿಕೊಳ್ಳುತ್ತದೆ. ಶಹಾಬಾದ್, ಚಿತ್ತಾಪುರದ ಗಣಿಗಳಿಂದ ಬರುವ ಈ ಹಾಸುಗಲ್ಲಿಗೆ ಜನ ಪರಸಿ ಅನ್ನುತ್ತಾರೆ, ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ಆಳಂದದ ಹಳೆಯ ಗೋಡೆ ಕಪ್ಪಗೆ ಕಂಡರೆ ಜೇವರ್ಗಿಯದು ಬೂದು ಬಣ್ಣಕ್ಕೆ ತಿರುಗುವುದು ಈ ಕಾರಣಕ್ಕೆ.

ಉಳ್ಳವರ ಮನೆ ವಾಡೆ. ದೇಸಾಯಿ, ದೇಶಮುಖ, ಗೌಡ, ಕುಲಕರ್ಣಿ ಮನೆತನಗಳ ವಾಡೆಗಳಲ್ಲಿ ಎತ್ತರದ ತಲೆಬಾಗಿಲು, ಅದರ ಎರಡೂ ಬದಿ ಕಟ್ಟೆ, ಒಳಗೆ ಅಂಗಳ, ಅಂಗಳದ ಸುತ್ತ ಪಡಸಾಲೆ, ನೆಲದಡಿ ಜೋಳ ತುಂಬುವ ಹಗೇವು ಇರುತ್ತಿದ್ದವು. ಊರ ನಡುವೆ ಅಥವಾ ಅಂಚಿನಲ್ಲಿ ದುಂಡನೆಯ ಹುಡೇವು ನಿಲ್ಲುತ್ತಿತ್ತು. ದಂಡು, ದರೋಡೆಯ ಕಾಲದಲ್ಲಿ ಊರವರು ಕಾವಲು ಕಾಯಲು ಹತ್ತುತ್ತಿದ್ದ ಬುರುಜು ಅದು. ಅದಕ್ಕೆ ಈಗ ಕಾವಲಿನ ಕೆಲಸವಿಲ್ಲ, ಆದ್ದರಿಂದ ಒಡೆಯನೂ ಇಲ್ಲ.

ಸಾಮಾನ್ಯರ ಮನೆಗೂ ವಾಡೆಗೂ ಒಂದೇ ಬಗೆಯ ಚಾವಣಿ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ ಒತ್ತಾಗಿ ಜೋಡಿಸಿ, ಅದರ ಮೇಲೆ ಬೇವಿನ ಸೊಪ್ಪು ಹರಡಿ, ಮೇಲೆ ಮೊಳದಷ್ಟು ಮಣ್ಣು ತುಂಬಿ ದಮ್ಮಸು ಮಾಡುವುದು. ಇದೇ ಮಾಳಿಗೆ, ಕೆಲವೆಡೆ ಮೇಲ್ಮುದ್ದೆ. ಕಟ್ಟಿಗೆಗೆ ಹುಳ ಹಿಡಿಯದಿರಲಿ ಎಂದು ಬೇವಿನ ಸೊಪ್ಪು. ನೀರು ಒಳಗಿಳಿಯದಿರಲಿ ಎಂದು ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಮೇಲೆ ಒಂದು ತೆಳು ಪದರು ಕರಲು ಮಣ್ಣು. ಉಪ್ಪಿನಂಶದ ಈ ಮಣ್ಣು ಹಸಿಯಾದಾಗ ಅಂಟಿಕೊಂಡು ಬಿರುಕು ಮುಚ್ಚುತ್ತದೆ. ಬಿಸಿಲು 42–43 ಡಿಗ್ರಿ ಮುಟ್ಟುವ ನಾಡಿನಲ್ಲಿ ಒಳಗೆ ತಂಪು ಉಳಿಯುತ್ತಿದ್ದುದು ಈ ಚಾವಣಿಯಿಂದ.

ಗೋಡೆಯ ಒಳಗುಟ್ಟು ಬೇರೆ. ಹೊರಗೊಂದು, ಒಳಗೊಂದು ಕಲ್ಲಿನ ಮುಖ ಕಟ್ಟಿ ನಡುವೆ ಮಣ್ಣು, ಚೂರುಗಲ್ಲು ತುಂಬುತ್ತಿದ್ದರು. ಎರಡೂ ಮುಖವನ್ನು ಬೆಸೆಯಲು ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಉದ್ದಗಲ್ಲು ಇಡುತ್ತಿದ್ದರು. ಚಾವಣಿಯ ಆರೈಕೆ ಎರಡು ಮೂರು ವರ್ಷ ತಪ್ಪಿದರೆ ನೀರು ನಡುವಿನ ಮಣ್ಣಿಗೆ ಇಳಿಯುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ, ಒಂದು ಜಡಿಮಳೆಯ ರಾತ್ರಿ ಹೊರಮುಖ ಜಾರಿ ಬೀಳುತ್ತದೆ. ಸೋರುವ ಮನೆಗೆ ಸಿಮೆಂಟು ಬಳಿಯುವುದು ಈಗಿನ ರೂಢಿ. ಮಣ್ಣಿನ ಗೋಡೆಯ ತೇವ ಹೊರಹೋಗಲು ದಾರಿಯಿಲ್ಲದೆ ಒಳಗೇ ಕೊಳೆಯುವುದರಿಂದ ಅದು ಮದ್ದಾಗುವುದಿಲ್ಲ, ರೋಗ ಹೆಚ್ಚಿಸುತ್ತದೆ. ಇಂಥ ಮನೆಯನ್ನು ಉಳಿಸುವುದೆಂದರೆ ಒಮ್ಮೆ ದುಡ್ಡು ಸುರಿದು ಮುಗಿಸುವ ಕಾಮಗಾರಿಯಲ್ಲ, ವರ್ಷವರ್ಷ ಮಾಡಬೇಕಾದ ಚಾಕರಿ. ಅನುದಾನ, ಟೆಂಡರು, ಉದ್ಘಾಟನೆಯ ಸುತ್ತ ಕಟ್ಟಿದ ಆಡಳಿತಕ್ಕೆ ಇಂಥ ಕೆಲಸ ಒಗ್ಗುವುದಿಲ್ಲ.

ವಾಡೆಗಳ ಇಳಿಗಾಲ

ವಾಡೆ ನಿಂತಿದ್ದುದು ಜಮೀನಿನ ಹುಟ್ಟುವಳಿಯ ಮೇಲೆ. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್ 17ರಂದು ಭಾರತಕ್ಕೆ ಸೇರಿತು. 1949ರಲ್ಲಿ ಜಾಗೀರು ರದ್ದಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ವಿಶಾಲ ಮೈಸೂರಿಗೆ ಬಂತು. 1974ರಿಂದ ಜಾರಿಯಾದ ಭೂಸುಧಾರಣೆ ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಉಳುವವನಿಗೆ ಭೂಮಿ ಸಿಕ್ಕಿದ್ದು ನ್ಯಾಯವೇ. ಆದರೆ ಹತ್ತಾರು ಆಳುಗಳ ದುಡಿಮೆಯಿಂದ ನಿಂತಿದ್ದ ಕಟ್ಟಡಕ್ಕೆ ಆ ಆಳುಗಳೂ ಇಲ್ಲ, ಆದಾಯವೂ ಇಲ್ಲ ಎಂಬಂತಾಯಿತು. ಮೇಲೆ ವಾಟ್ನಿ, ಅಂದರೆ ಅಣ್ಣತಮ್ಮಂದಿರ ಆಸ್ತಿ ಪಾಲು. ಅಂಗಳದ ನಡುವೆ ಗೋಡೆ ಎದ್ದು ಒಂದು ವಾಡೆ ಮೂರು ನಾಲ್ಕು ಮನೆಯಾಗುತ್ತದೆ. ಒಬ್ಬ ದಾಯಾದಿ ತನ್ನ ಪಾಲನ್ನು ಕೆಡವಿದಾಗ ತೊಲೆಯ ಆಸರೆ ಹೋಗಿ ಪಕ್ಕದ ಪಾಲೂ ಬಾಗುತ್ತದೆ. ಮನೆ ಬಿಟ್ಟು ಕಲಬುರಗಿ, ಸೊಲ್ಲಾಪುರ, ಪುಣೆ, ಹೈದರಾಬಾದು ಸೇರಿದವರ ಪಾಲಿಗೆ ಬೀಗವೇ ಕಾವಲು. ತೇಗದ ತೊಲೆ, ಕೆತ್ತನೆಯ ಬಾಗಿಲುವಾಡ, ಕಂಬಗಳಿಗೆ ನಗರದ ಹಳೆ ಮರದ ವ್ಯಾಪಾರದಲ್ಲಿ ಒಳ್ಳೆಯ ಬೆಲೆಯಿರುವುದರಿಂದ, ನಿಂತ ವಾಡೆಗಿಂತ ಬಿಚ್ಚಿದ ವಾಡೆ ಲಾಭದ್ದಾಗುತ್ತದೆ.

ಕಾನೂನಿನ ಚೌಕಟ್ಟು

ಈ ಭಾಗದಲ್ಲಿ ಸರ್ಕಾರಿ ಸಂರಕ್ಷಣೆ ಶುರುವಾದದ್ದು 1914ರಲ್ಲಿ, ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆ ಹುಟ್ಟಿದಾಗ. ಅಜಂತಾ, ಎಲ್ಲೋರಾ, ಬೀದರ್, ಕಲಬುರಗಿಯ ದೊಡ್ಡ ಸ್ಮಾರಕಗಳು ಅದರ ಮೊದಲ ಕಾಳಜಿ. ತಾಲ್ಲೂಕು ಊರುಗಳಿಂದ ಇಲಾಖೆಯ ಕಣ್ಣಿಗೆ ಮುಖ್ಯವಾಗಿ ಬಿದ್ದದ್ದು ಶಾಸನಗಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲಂದೆ ಸಾಸಿರ ನಾಡಿನ ಕೇಂದ್ರವಾಗಿದ್ದ ಆಳಂದಕ್ಕೆ ಇತಿಹಾಸದಲ್ಲಿ ದೊರೆತ ಜಾಗ ಆ ಶಾಸನಗಳಿಂದಲೇ. ಮನೆಗಳನ್ನು ಪಟ್ಟಿ ಮಾಡುವ ಯೋಚನೆ ಆಗ ಎಲ್ಲೂ ಇರಲಿಲ್ಲ.

ಈಗ ಎರಡು ಕಾಯ್ದೆಗಳು ಜಾರಿಯಲ್ಲಿವೆ: ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ, ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ. ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಸ್ಮಾರಕದ ಪಕ್ಕದ ಹಳೆಯ ಮನೆಗೆ ಇದರಿಂದ ಸಿಗುವುದು ಅಡ್ಡಿಯೇ ಹೊರತು ಆಸರೆಯಲ್ಲ. ಕೆಡವಿ ಕಟ್ಟಲು ಬಿಡುವುದಿಲ್ಲ, ಸರಿಪಡಿಸಲು ದುಡ್ಡೂ ಕೊಡುವುದಿಲ್ಲ. ಅನುಮತಿಗಾಗಿ ಕಚೇರಿ ಅಲೆಯುವ ಬದಲು ಮನೆ ತಾನಾಗಿ ಬೀಳಲಿ ಎಂದು ಬಿಟ್ಟವರನ್ನು ದೂರುವುದು ಕಷ್ಟ.

ಸ್ಥಳೀಯ ಸಂಸ್ಥೆಗಳ ವಿಷಯಕ್ಕೆ ಬಂದರೆ, ಸಂವಿಧಾನದ 74ನೇ ತಿದ್ದುಪಡಿಯ ಹನ್ನೆರಡನೆಯ ಅನುಸೂಚಿ ಸಾಂಸ್ಕೃತಿಕ ಮತ್ತು ಸೌಂದರ್ಯದ ಅಂಶಗಳ ಉತ್ತೇಜನವನ್ನು ಪುರಸಭೆಗಳ ಕೆಲಸಗಳಲ್ಲಿ ಸೇರಿಸಿದೆ. ಅದು ಒಂದು ಸಾಲಿನ ಆಶಯ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಲ್ಲಿ ಅಪಾಯಕಾರಿ ಕಟ್ಟಡದ ಮಾಲೀಕನಿಗೆ ನೋಟಿಸು ಕೊಟ್ಟು ಕೆಡವಿಸುವ ಅಧಿಕಾರವಾದರೋ ವಿಧಿವಿಧಾನ ಸಮೇತ ಇದೆ. ಮಳೆಗಾಲದಲ್ಲಿ ಎಲ್ಲೋ ಗೋಡೆ ಕುಸಿದು ಜೀವ ಹೋದರೆ ಮುಖ್ಯಾಧಿಕಾರಿ ಉತ್ತರಿಸಬೇಕು. ಇನ್ನೂರು ವರ್ಷದ ತಲೆಬಾಗಿಲು ನೆಲಸಮವಾದರೆ ಯಾರೂ ಕೇಳುವುದಿಲ್ಲ. ಅಧಿಕಾರಿಯ ಮನಸ್ಸು ಯಾವ ಕಡೆ ವಾಲುತ್ತದೆಂದು ಊಹಿಸಲು ಹೆಚ್ಚು ಬುದ್ಧಿ ಬೇಕಿಲ್ಲ.

ಹಳೆಯದನ್ನು ಅಳಿಸುವ ಹೊಸ ಯೋಜನೆಗಳು

ಸಂರಕ್ಷಣೆಯ ಚರ್ಚೆಯಲ್ಲಿ ವಸತಿ ಯೋಜನೆಗಳ ಹೆಸರು ಬರುವುದು ಅಪರೂಪ. ಆದರೆ ಈ ತಾಲ್ಲೂಕುಗಳ ಊರುಗಳ ಮುಖ ಬದಲಿಸಿದ್ದು ಪುರಾತತ್ವ ಇಲಾಖೆಯಲ್ಲ, ಬಸವ ವಸತಿ, ಪ್ರಧಾನಮಂತ್ರಿ ಆವಾಸ್‌ನಂಥ ಯೋಜನೆಗಳು. ಮಣ್ಣಿನ ಮಾಳಿಗೆ ಸರ್ಕಾರದ ಲೆಕ್ಕದಲ್ಲಿ ಕಚ್ಚಾ ಮನೆ. ಸಹಾಯಧನ ಹೊಸ ಪಕ್ಕಾ ಮನೆಗೆ, ಮಾಳಿಗೆ ತೆಗೆದು ಮತ್ತೆ ಹಾಕುವುದಕ್ಕಲ್ಲ. ಬಡವನಿಗೆ ಸೋರದ ಸೂರು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ದುರಸ್ತಿಗೂ ಅದೇ ಯೋಜನೆಯಲ್ಲಿ ಜಾಗವಿದ್ದಿದ್ದರೆ ಒಂದಿಷ್ಟು ಒಳ್ಳೆಯ ಮನೆಗಳಾದರೂ ಉಳಿಯುತ್ತಿದ್ದವು.

ನೆರೆ ಪರಿಹಾರದಲ್ಲೂ ಇದೇ ಆಯಿತು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ಸುರಿದ ಮಳೆ ಎರಡೂ ಸೇರಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಡದ ಊರುಗಳಿಗೆ ನುಗ್ಗಿತು. ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. 2019ರ ನೆರೆಯಿಂದ ರಾಜ್ಯ ಅನುಸರಿಸುತ್ತಿದ್ದ ಕ್ರಮದಂತೆ ಪೂರ್ಣ ಹಾಳಾದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಗೆ 50,000 ರೂಪಾಯಿ. ಈ ಅಂತರ ನೋಡಿದರೆ, ಅರ್ಧ ನಿಂತ ಗೋಡೆಯನ್ನು ಉಳಿಸಿಕೊಳ್ಳಬೇಕೆನ್ನುವ ಮನೆಯವರಿಗೆ ಲೆಕ್ಕಾಚಾರ ಒಪ್ಪುವುದಿಲ್ಲ.

2020ರಲ್ಲೇ ಬಂದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣೆಯ ಆಸ್ತಿಗಳನ್ನು ಅಳೆಯುವ ಕೆಲಸ ನಡೆಯುತ್ತಿದೆ. ಕರ್ನಾಟಕ ಅದರ ಮೊದಲ ಹಂತದ ರಾಜ್ಯಗಳಲ್ಲಿ ಒಂದು. ಪ್ರತಿ ಮನೆಯ ಗಡಿ, ವಿಸ್ತೀರ್ಣ ದಾಖಲೆಗೆ ಬರುತ್ತದೆ. ಕಟ್ಟಡ ಎಷ್ಟು ಹಳೆಯದು, ಯಾವ ಬಗೆಯದು ಎಂಬ ಒಂದೆರಡು ಅಂಕಣ ಅಲ್ಲೇ ಸೇರಿದ್ದರೆ ಹಳ್ಳಿಹಳ್ಳಿಯ ಪಾರಂಪರಿಕ ಮನೆಗಳ ಪಟ್ಟಿ ಹೆಚ್ಚಿನ ಖರ್ಚಿಲ್ಲದೆ ಸಿದ್ಧವಾಗುತ್ತಿತ್ತು. ಇ-ಸ್ವತ್ತು ತಂತ್ರಾಂಶದಲ್ಲಿ ಪಂಚಾಯಿತಿ ಕೊಡುವ ನಮೂನೆ 9, 11ಕ್ಕೂ ಈ ಮಾತು ಅನ್ವಯಿಸುತ್ತದೆ.

ಉಳಿದವು ಉಳಿದದ್ದು ಹೇಗೆ

ಪೂಜೆ ನಡೆಯುವ ಕಟ್ಟಡ ಉಳಿಯುತ್ತದೆ. ಅಖಂಡೇಶ್ವರ ಅಂಕಿತದಲ್ಲಿ ವಚನ ಬರೆದ ಷಣ್ಮುಖ ಶಿವಯೋಗಿಗಳ ಜೇವರ್ಗಿಯ ಮಠ, ಕಲಬುರಗಿಯ ಶರಣಬಸವೇಶ್ವರರ ಜನ್ಮಸ್ಥಳವಾದ ಅರಳಗುಂಡಗಿ, ಭೀಮಾ–ಅಮರ್ಜಾ ಸಂಗಮದ ಗಾಣಗಾಪುರದ ದತ್ತ ಕ್ಷೇತ್ರ, ಘತ್ತರಗಿಯ ಭಾಗ್ಯವಂತಿ ಗುಡಿ ಇವೆಲ್ಲ ಭಕ್ತರ ಬಲದಿಂದ ನಿಂತಿವೆ. ಗಾಣಗಾಪುರ, ಘತ್ತರಗಿಗಳಲ್ಲಿ ಮುಜರಾಯಿ ಇಲಾಖೆಯ ಮೂಲಕ ಜಿಲ್ಲಾಡಳಿತವೇ ಮೇಲ್ವಿಚಾರಣೆ ನಡೆಸುತ್ತದೆ. ಭಕ್ತಿಯಿಂದ ಕಟ್ಟಡ ಉಳಿಯುತ್ತದೆ ಎಂದರೆ ಹಳೆಯ ರೂಪವೂ ಉಳಿಯುತ್ತದೆ ಎಂದಲ್ಲ. ಕಾಣಿಕೆ ಹೆಚ್ಚಿದ ಹಾಗೆ ಕಲ್ಲಿನ ಕಂಬಕ್ಕೆ ಎಣ್ಣೆಬಣ್ಣ, ಗಚ್ಚಿನ ನೆಲಕ್ಕೆ ಟೈಲ್ಸು, ಮುಂಭಾಗಕ್ಕೆ ಕಬ್ಬಿಣದ ತಗಡಿನ ಮಂಟಪ ಬರುತ್ತದೆ. ಜೀರ್ಣೋದ್ಧಾರ ಎಂಬ ಹೆಸರಿನಲ್ಲಿ ನಡೆಯುವ ನಾಶವನ್ನು ತಡೆಯುವುದು ಬೀಳುವ ಮನೆಯನ್ನು ತಡೆಯುವುದಕ್ಕಿಂತ ಕಷ್ಟ, ಯಾಕೆಂದರೆ ಅಲ್ಲಿ ಎಲ್ಲರ ಉದ್ದೇಶವೂ ಒಳ್ಳೆಯದೇ.

ಆಳಂದದ ಲಾಡ್ಲೆ ಮಶಾಕ್ ದರ್ಗಾ ಇನ್ನೊಂದು ಬಗೆಯ ಉದಾಹರಣೆ. ಅದರ ಆವರಣದಲ್ಲೇ ರಾಘವ ಚೈತನ್ಯರ ಶಿವಲಿಂಗವಿದೆ. ಉರುಸು, ಶಿವರಾತ್ರಿ ಪೂಜೆಗಳ ವ್ಯವಸ್ಥೆ 2022ರ ನಂತರ ವಕ್ಫ್ ನ್ಯಾಯಮಂಡಳಿ, ಹೈಕೋರ್ಟಿನ ಕಲಬುರಗಿ ಪೀಠದವರೆಗೂ ಹೋಗಿದೆ. ಇಂಥ ಜಾಗದಲ್ಲಿ ಆಡಳಿತದ ಗಮನವೆಲ್ಲ ಬಂದೋಬಸ್ತಿಗೆ ಹೋಗುತ್ತದೆ. ಕಟ್ಟಡದ ಗಾರೆ, ಗೋಡೆಗಳ ಸ್ಥಿತಿ ಯಾರ ಅರ್ಜಿಯಲ್ಲೂ ಇರುವುದಿಲ್ಲ.

ಸರ್ಕಾರದ್ದೇ ಆದ ಹಳೆಯ ಕಟ್ಟಡಗಳನ್ನು ಉಳಿಸುವುದು ಎಲ್ಲಕ್ಕಿಂತ ಸುಲಭವಾಗಬೇಕಿತ್ತು. ಭೂಸ್ವಾಧೀನ ಬೇಕಿಲ್ಲ, ದಾಯಾದಿಗಳ ತಕರಾರಿಲ್ಲ. ಆದರೂ ಹಳೆಯ ತಹಸೀಲ್ ಕಚೇರಿ, ಶಾಲೆ, ಠಾಣೆಗಳನ್ನು ಲೋಕೋಪಯೋಗಿ ಇಲಾಖೆ ಶಿಥಿಲವೆಂದು ಪ್ರಮಾಣೀಕರಿಸಿದ ಮೇಲೆ ಕೆಡವುವುದು, ಕಚೇರಿಗಳನ್ನು ಮಿನಿ ವಿಧಾನಸೌಧಕ್ಕೆ ಸಾಗಿಸುವುದು ರಾಜ್ಯದ ತಾಲ್ಲೂಕು ಕೇಂದ್ರಗಳಲ್ಲೆಲ್ಲ ನಡೆದ ಕ್ರಮ. ಇದಕ್ಕೆ ಹೊರತಾದದ್ದು ನೆರೆಯ ಸುರಪುರದ ಟೇಲರ್ ಮಂಜಿಲ್. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಕಾದಂಬರಿಕಾರ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಗುಡ್ಡದ ಮೇಲೆ ಕಟ್ಟಿಸಿದ ಈ ಬಂಗಲೆ ಪ್ರವಾಸಿ ಮಂದಿರವಾಗಿ ಬಳಕೆಯಲ್ಲಿ ಉಳಿಯಿತು. ಸುರಪುರ ಈಗ ಯಾದಗಿರಿ ಜಿಲ್ಲೆಯಲ್ಲಿದೆ, 2009ರ ಕೊನೆಯವರೆಗೂ ಕಲಬುರಗಿಯದ್ದೇ ಆಗಿತ್ತು. ಅಲ್ಲಿ ವಿಶೇಷ ಯೋಜನೆಯೇನೂ ಬೇಕಾಗಲಿಲ್ಲ. ಯಾರೋ ಬೀಗ ತೆಗೆದು, ಕಸ ಗುಡಿಸಿ, ದೀಪ ಹಚ್ಚುತ್ತಿದ್ದುದೇ ಸಾಕಾಯಿತು.

ಸುತ್ತಲಿನ ಪಾಠಗಳು

ಜೇವರ್ಗಿಗೆ ಹೋಗುವ ದಾರಿಯ ಹತ್ತಿರ ಭೀಮಾ ದಡದಲ್ಲಿ ಫಿರೋಜ್ ಷಾ ಬಹಮನಿ 1400ರ ಸುಮಾರಿಗೆ ಕಟ್ಟಿಸಿದ ಫಿರೋಜಾಬಾದ್ ಇದೆ. ಮೂರು ಕಡೆ ಕಲ್ಲಿನ ಕೋಟೆ, ಪಶ್ಚಿಮಕ್ಕೆ ನದಿ, ಒಳಗೆ ದೊಡ್ಡ ಮಸೀದಿ, ಹಮಾಮು, ಅರಮನೆಯ ಅವಶೇಷ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ 1992ರಲ್ಲಿ ಇಡೀ ಪುಸ್ತಕವನ್ನೇ ಇದಕ್ಕೆ ಮೀಸಲಿಟ್ಟರು. ಹೊರಗಿನ ವಿದ್ವಾಂಸರು ಅಳೆದು ನಕ್ಷೆ ಬರೆದಷ್ಟು ಕೂಡ ಜಿಲ್ಲೆಯ ಜನ ಇದನ್ನು ನೋಡಿಲ್ಲ.

ಭೀಮೆಯ ಕೆಳಹರಿವಿನಲ್ಲಿ, ಚಿತ್ತಾಪುರ ಕಡೆಯ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯ ಸಮುಚ್ಚಯದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆ ಬಳಿಕ ಮೂರ್ತಿಯ ಪೀಠದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ಕೂರಿಸಲು ಯಾವುದೋ ಕಾಲದಲ್ಲಿ ಶಾಸನದ ನಡುವೆಯೇ ಚೌಕ ಕೊರೆದಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ಬೌದ್ಧ ಸ್ತೂಪವೂ, ರಾಣಿಯರೊಡನೆ ನಿಂತ ಅಶೋಕನ ಶಿಲ್ಪವೂ ದೊರೆತವು. ಶಿಲ್ಪದ ಮೇಲೆ ಅವನ ಹೆಸರಿದೆ. ಬೀಳುತ್ತಿರುವ ಗುಡಿಯ ಕಲ್ಲುಗಳನ್ನು ಜೆಸಿಬಿಯಿಂದ ಎತ್ತಿ ಹಾಕುವ ಮೊದಲು ಒಮ್ಮೆ ತಿರುವಿ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಪಂಚಾಯಿತಿಗಳಿಗೆ ಬೇಕಿಲ್ಲ.

ಕಲಬುರಗಿ ಕೋಟೆ ಕೇಂದ್ರದ ರಕ್ಷಣೆಯಲ್ಲಿದೆ, 1367ರ ಜಾಮಿ ಮಸೀದಿ ಅದರ ಕಿರೀಟ. ಆದರೂ ಕೋಟೆಯೊಳಗೆ ತಲೆಮಾರುಗಳಿಂದ ನೆಲೆಸಿದ ಕುಟುಂಬಗಳ ತೆರವಿನ ಪ್ರಶ್ನೆ ಹೈಕೋರ್ಟು ಮುಟ್ಟಿತು. ರಾಷ್ಟ್ರಕೂಟರ ರಾಜಧಾನಿ ಮಳಖೇಡದ ಕೋಟೆ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ದುರಸ್ತಿ ಕಂಡಿತು, ನಂತರದ ಮಳೆಗಳಲ್ಲಿ ಗೋಡೆಯ ಭಾಗಗಳು ಕುಸಿದವು. 371(ಜೆ) ವಿಧಿಯಡಿ 2013ರಲ್ಲಿ ರಚನೆಯಾದ ಈ ಮಂಡಳಿ 2019ರಿಂದ ಕಲ್ಯಾಣ ಕರ್ನಾಟಕದ ಹೆಸರು ಹೊತ್ತಿದೆ. ಈ ಜಿಲ್ಲೆಗಳಲ್ಲಿ ಹಣಕ್ಕೆ ಕೊರತೆ ಎನ್ನುವಂತಿಲ್ಲ. ಕೊರತೆಯಿರುವುದು ಗಾರೆ, ಮಣ್ಣು, ಕಲ್ಲಿನ ಕೆಲಸ ಬಲ್ಲವರದು, ಅವರ ಕೆಲಸವನ್ನು ಅಳೆಯಬಲ್ಲ ಎಂಜಿನಿಯರುಗಳದು.

ಮನೆಯೊಂದನ್ನು ನಗರಾಡಳಿತ ಉಳಿಸಿಕೊಂಡ ಸ್ಪಷ್ಟ ಉದಾಹರಣೆಗೆ ಮೈಸೂರಿಗೆ ಹೋಗಬೇಕು. ಯಾದವಗಿರಿಯ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದಾಗ ಸಾರ್ವಜನಿಕರ ಕೂಗಿಗೆ ಆಡಳಿತ ಓಗೊಟ್ಟು ತಡೆಯಿತು, ಖರೀದಿಸಿ ದುರಸ್ತಿ ಮಾಡಿಸಿತು, 2016ರಲ್ಲಿ ಅದು ಸಂಗ್ರಹಾಲಯವಾಗಿ ತೆರೆಯಿತು. ಗಡಿಯಾಚೆ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆಯ ಸುತ್ತ ರೂಪುಗೊಂಡ ಗಿಳಿವಿಂಡು ಸ್ಮಾರಕ 2017ರಲ್ಲಿ ಉದ್ಘಾಟನೆಯಾಯಿತು. ಎರಡೂ ಕಡೆ ಮನೆ ಉಳಿದದ್ದು ಸಾಹಿತಿಯ ಹೆಸರಿನಿಂದ. ಹೆಸರಿಲ್ಲದ ಗೌಡರ ವಾಡೆಗೆ ಆ ದಾರಿ ಇಲ್ಲ.

ಅಹಮದಾಬಾದ್ ಮಹಾನಗರ ಪಾಲಿಕೆ 1996ರಲ್ಲೇ ಪರಂಪರೆಗೆಂದು ಪ್ರತ್ಯೇಕ ಘಟಕ ತೆರೆಯಿತು. ಪೋಳ್ ಎನ್ನುವ ಹಳೆಯ ಓಣಿಗಳ ಮರದ ಕೆತ್ತನೆಯ ಮನೆಗಳನ್ನು ಉಳಿಸಿಕೊಳ್ಳುವ ಮಾಲೀಕರು ತಮ್ಮ ಕಟ್ಟಡದ ಹಕ್ಕನ್ನು ಬೇರೆಡೆಗೆ ಮಾರಲು ಅಲ್ಲಿ ಅವಕಾಶವಿದೆ. 2017ರಲ್ಲಿ ಆ ಹಳೇ ನಗರ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನೆಲಕ್ಕೆ ಚಿನ್ನದ ಬೆಲೆಯಿರುವಲ್ಲಿ ಮಾತ್ರ ನಡೆಯುವ ಉಪಾಯ ಅದು. ಜೇವರ್ಗಿ, ಆಳಂದದಲ್ಲಿ ಅಂಥ ಹಕ್ಕನ್ನು ಕೊಳ್ಳುವವರು ಸಿಗುವುದಿಲ್ಲ. ಇಲ್ಲಿಗೆ ಹೊಂದುವುದು ಮನೆ ತೆರಿಗೆಯ ರಿಯಾಯಿತಿ, ಮಾಳಿಗೆ ದುರಸ್ತಿಗೆ ಸಣ್ಣ ಸಹಾಯಧನ, ವಾಡೆಯ ಒಂದು ಭಾಗವನ್ನು ಗ್ರಂಥಾಲಯಕ್ಕೋ ಅಂಗನವಾಡಿಗೋ ಬಾಡಿಗೆಗೆ ಪಡೆಯುವುದು, ಇಂಥ ಚಿಕ್ಕ ಕ್ರಮಗಳು.

ಇನ್ನೊಂದು ತುದಿಯಲ್ಲಿ ಹಂಪಿಯಿದೆ. 2002ರ ಕಾಯ್ದೆಯಿಂದ ಅಲ್ಲಿಗೆ ಪ್ರತ್ಯೇಕ ಪ್ರಾಧಿಕಾರವೇ ಬಂತು, 2011ರ ಜುಲೈನಲ್ಲಿ ಬಜಾರಿನ ಸಾಲುಮಂಟಪಗಳಲ್ಲಿ ಬದುಕುತ್ತಿದ್ದವರ ಮನೆ, ಅಂಗಡಿಗಳನ್ನು ಕೆಡವಿ ಎಬ್ಬಿಸಲಾಯಿತು. ಪ್ರಾಧಿಕಾರ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಆ ದಿನಗಳ ಪತ್ರಿಕೆಗಳನ್ನು ಓದಬೇಕು.

ಈಚಿನ ಬೆಳವಣಿಗೆ

ರಾಜ್ಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು 800ಕ್ಕೂ ಹೆಚ್ಚು. 2023ರಲ್ಲಿ ಆರಂಭವಾದ ಸ್ಮಾರಕ ದತ್ತು ಯೋಜನೆಯಡಿ ಕಂಪನಿ, ಸಂಘ, ವ್ಯಕ್ತಿಗಳು ಸ್ಮಾರಕವೊಂದರ ಹೊಣೆ ಹೊರಬಹುದು. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಸರ್ಕಾರ, ಊರಿನವರ ಜೊತೆ ಖರ್ಚು ಹಂಚಿಕೊಂಡು ಹಳೆಯ ದೇವಾಲಯಗಳನ್ನು ದುರಸ್ತಿ ಮಾಡಿಸುತ್ತ ಬಂದಿದೆ. ಎರಡರಲ್ಲೂ ವಾಸದ ಮನೆಗೆ ಜಾಗವಿಲ್ಲ.

ಮನೆಗಳಿಗಿಂತ ಬಾವಿ, ಕಲ್ಯಾಣಿಗಳ ಅದೃಷ್ಟ ಚೆನ್ನಾಗಿದೆ. ಗ್ರಾಮೀಣಾಭಿವೃದ್ಧಿ ಇಲಾಖೆ 2021ರಲ್ಲಿ ಉದ್ಯೋಗ ಖಾತ್ರಿ ಯೋಜನೆಯಡಿ ರಾಜ್ಯದಾದ್ಯಂತ ಕಲ್ಯಾಣಿಗಳ ಹೂಳೆತ್ತಿಸಿ ಮೆಟ್ಟಿಲು ಸರಿಪಡಿಸುವ ಕೆಲಸ ಕೈಗೊಂಡಿತು. ಬೀದರ್‌ನಲ್ಲಿ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿಯವರು ನೌಬಾದಿನ ಸುರಂಗ ಬಾವಿಯ ಹೂಳು ತೆಗೆಸಿದ್ದು ಬರಗಾಲದ ವರ್ಷಗಳಲ್ಲಿ. ನೀರು ಸಿಗುತ್ತದೆಂದರೆ ಊರೇ ಕೈಜೋಡಿಸುತ್ತದೆ, ಪಂಚಾಯಿತಿಗೂ ಕೂಲಿಯ ಲೆಕ್ಕ ಬರೆಯಲು ದಾರಿಯಿರುತ್ತದೆ. ಅಗಸಿ, ಹುಡೇವುಗಳ ಕಲ್ಲಿನ ಕೆಲಸಕ್ಕೆ ಆ ದಾರಿ ಅಷ್ಟು ಸಲೀಸಿಲ್ಲ. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರುವ 

ಕೂಲಿಗೆ ಇರುವಷ್ಟು ಜಾಗ ನುರಿತ ಉಪ್ಪಾರನ ಕೂಲಿಗೆ ಇಲ್ಲ. ಅಂದಾಜುಪಟ್ಟಿ ಬರೆಯುವ ಎಂಜಿನಿಯರು ಸಿಮೆಂಟು, ಸರಳಿನ ದರ ಬಲ್ಲರು. ಬೇವಿನ ಸೊಪ್ಪಿನ ಮೇಲೆ ಮಣ್ಣು ಹಾಸಿ ದಮ್ಮಸು ಮಾಡುವುದಕ್ಕೆ ಚದರಕ್ಕೆ ಎಷ್ಟು ಎಂದು ಬರೆಯಬೇಕಾದಾಗ ಅವರ ಪೆನ್ನು ನಿಲ್ಲುತ್ತದೆ, ಕಡತವೂ ಅಲ್ಲೇ ನಿಲ್ಲುತ್ತದೆ.